ದವಡೆಯ ಕೆಳಗಿನ ಕೂದಲು

ಗೂಳಪ್ಪ ಹಡಪದ ನನ್ನ ಗಡ್ಡವನ್ನು ಅರ್ಧಕ್ಕೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟದ್ದು ೨೦೦೨ರ ಫೆಬ್ರುವರಿಯ ಒಂದು ರವಿವಾರ ಬೆಳಿಗ್ಗೆ. ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಯ ಮೇಲೆ ಸಾಬೂನಿನ ನೊರೆ ಒಣಗುತ್ತಿತ್ತು. ಹದಿಮೂರು ವರ್ಷದಿಂದ ನನ್ನ ಮುಖ ಅವನ ಕೈಯಲ್ಲಿತ್ತು. ಅವನ ಕತ್ತಿ ಒಮ್ಮೆಯೂ ಚರ್ಮ ಕಚ್ಚಿರಲಿಲ್ಲ. ಆ ದಿನ ಅದು ಕಿವಿಯ ಹತ್ತಿರ ಬಂದು ನಿಂತಾಗ, ತಣ್ಣಗಿನ ಅಲಗು ಅದುರುತ್ತಿರುವುದು ಗೊತ್ತಾಯಿತು. ನಾನು ಏನಾದರೂ ಅನ್ನುವ ಮೊದಲೇ ಅವನು ಕತ್ತಿ ಮಡಚಿ ಪೆಟ್ಟಿಗೆಯೊಳಗೆ ಇಟ್ಟ.

"ಸಾಹೇಬ್ರ, ನೀವು ಕೋರ್ಟಿನ ಮಂದಿ. ಒಂದ್ ಮಾತು ಹೇಳ್ರಿ," ಅಂದ. "ಬೇಕಂತ ಮಾಡಿದ್ದಲ್ಲ, ಕನಿಕರ ಬಂದು ಮಾಡಿದ್ದು. ಅದಕ್ಕೂ ಜೈಲು ಅದ ಏನ್ರಿ?"

ನಾನು ಕೋರ್ಟಿನವನೇನಲ್ಲ. ಶಿವಾಜಿನಗರದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಕಾಗದ ಟೈಪು ಮಾಡುವ ಗುಮಾಸ್ತ. ಆದರೆ ಯೆರವಡಾದ ನಮ್ಮ ಓಣಿಯ ಕನ್ನಡದ ಮಂದಿಗೆ ನಾನೇ ವಕೀಲ. ಓಣಿಯ ತುದಿಗೆ ನಿಂತರೆ ಜೈಲಿನ ಗೋಡೆ ಕಾಣುತ್ತದೆ. ಇಲ್ಲಿಯವರ ಯಾವ ಹೆದರಿಕೆಯೂ ಕೊನೆಗೆ ಆ ಗೋಡೆಗೇ ಹೋಗಿ ಮುಟ್ಟುತ್ತದೆ. ಏನಾಯಿತು ಹೇಳು ಅಂದೆ. ಅವನು ಹೇಳಿದ. ಅವತ್ತು ಕೇಳಿದ್ದು, ಆಮೇಲೆ ಅವನೂ ಪಾರವ್ವನೂ ಹೇಳಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಗೂಳಪ್ಪನನ್ನು ಹೊಸದಾಗಿ ನೋಡಿದವರು ಅವನನ್ನು ಪೈಲ್ವಾನ ಅಂದುಕೊಳ್ಳುತ್ತಿದ್ದರು. ಆರಡಿ ಎತ್ತರ, ಹುರಿ ಮಾಡಿದ ಮೀಸೆ, ಹಲಗೆಯಂಥ ಎದೆ. ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯಿಂದ ೧೯೮೮ರಲ್ಲಿ ಹೆಂಡತಿ ಪಾರವ್ವನನ್ನು ಕರೆದುಕೊಂಡು ಪುಣೆಗೆ ಬಂದವನು. ನಾಲ್ಕು ವರ್ಷ ಶಿವಾಜಿನಗರದ ಒಂದು ಸಲೂನಿನಲ್ಲಿ ದುಡಿದು, ೧೯೯೨ರಲ್ಲಿ ಗುತ್ತಿಗೆದಾರನೊಬ್ಬನ ಮೂಲಕ ನದಿಯಾಚೆಯ ಒಂದು ಸೈನಿಕ ತರಬೇತಿ ಕೇಂದ್ರದಲ್ಲಿ ಕ್ಷೌರದ ಕೆಲಸ ಹಿಡಿದ. ಫೋಟೋ ಅಂಟಿಸಿದ ಪಾಸು ಸಿಕ್ಕಿತು. ರಂಗರೂಟರ, ಅಂದರೆ ಹೊಸದಾಗಿ ಸೈನ್ಯ ಸೇರಿದ ಹುಡುಗರ, ತಂಡ ಬಂದ ದಿನ ಒಂದೇ ಮುಂಜಾನೆ ಅರವತ್ತು ತಲೆ ಬೋಳಿಸುತ್ತಿದ್ದ. ಉಳಿದ ದಿನಗಳಲ್ಲಿ ಗಡ್ಡ. ರವಿವಾರ ಮಾತ್ರ ನಮ್ಮ ಓಣಿಗೆ.

ಇಂಥ ಆಳು ಮುಚ್ಚಿದ ಬಾಗಿಲಿಗೆ ಹೆದರುತ್ತಿದ್ದ. ಸಿನಿಮಾ ಮಂದಿರದೊಳಗೆ ಕಾಲಿಡುತ್ತಿರಲಿಲ್ಲ. ಲಿಫ್ಟು ಹತ್ತುತ್ತಿರಲಿಲ್ಲ. ಬಚ್ಚಲಿಗೆ ಹೋದರೆ ಬಾಗಿಲ ಸಂದಿಗೆ ತಂಬಿಗೆ ಇಟ್ಟುಕೊಳ್ಳುತ್ತಿದ್ದ. ಓಣಿಯಲ್ಲಿ ಇದು ನಗೆಯ ಮಾತಾಗಿತ್ತು. ಕಾರಣ ಗೊತ್ತಿದ್ದವಳು ಪಾರವ್ವ ಒಬ್ಬಳೇ.

ಅವನ ಕಡೆಯ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಆಳುದ್ದ ತೋಡಿದ ಕಣಜ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಬಾಯಿ ತೆರೆದ ಮೇಲೆ, ಒಳಗೆ ಕಟ್ಟಿದ ವಿಷಗಾಳಿ ಹೋಗಲೆಂದು, ಒಂದು ಹಗಲು ಹಾಗೇ ಬಿಡಬೇಕು. ಆಮೇಲೆ ಕಂದೀಲು ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಇದು ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ಗೂಳಪ್ಪನಿಗೆ ಒಂಬತ್ತು ವರ್ಷವಾಗಿದ್ದಾಗ ಊರ ಗೌಡರ ಮನೆಯ ಹಗೇವು ತೆರೆದ ದಿನ, ಮನೆಯಲ್ಲಿ ಲಗ್ನದ ಅವಸರವಿತ್ತು. ಗೂಳಪ್ಪನ ಅಣ್ಣ ರಾಮಲಿಂಗಪ್ಪ, ಹದಿನೇಳರ ಹುಡುಗ, ನಾನು ಇಳಿಯುತ್ತೇನೆ ಎಂದು ಬುಟ್ಟಿ ಹಿಡಿದು ಇಳಿದ. ಗೂಳಪ್ಪ ಬಾಯಿಯ ಅಂಚಿಗೆ ಹೊಟ್ಟೆ ಊರಿ ಮಲಗಿ ಕೆಳಗೆ ನೋಡುತ್ತಿದ್ದ. ಅಣ್ಣ ಒಂದು ಬುಟ್ಟಿ ತುಂಬಿದ. ಎರಡನೆಯದಕ್ಕೆ ಕೈ ಹಾಕಿದವನು ನಿದ್ದೆ ಬಂದವನ ಹಾಗೆ ಜೋಳದ ಮೇಲೆ ಕೂತ. ಮೇಲೆ ನೋಡಿದ. ಬಾಯಿ ಎರಡು ಸಲ ತೆರೆದು ಮುಚ್ಚಿತು. ಮಾತು ಬರಲಿಲ್ಲ. ಆಮೇಲೆ ಮುಂಡಾಸು ಎದೆಯ ಮೇಲೆ ಬಾಗಿತು.

"ನಗ್ಲಿಕತ್ತಾನ ಅನ್ಕೊಂಡೆ ನಾ," ಅಂದ ಗೂಳಪ್ಪ ನನ್ನ ಮುಂದೆ. "ನಾನೂ ನಕ್ಕೆ, ಸಾಹೇಬ್ರ."

ಇಂಥವನಿಗೆ ಸಿಕ್ಕ ಕೆಲಸದ ಜಾಗದಲ್ಲೇ ಗ್ಯಾಸಿನ ಮನೆ ಇತ್ತು.

ರಂಗರೂಟರಿಗೆ ತರಬೇತಿಯ ಮೂರನೆಯ ತಿಂಗಳಲ್ಲಿ ಹತ್ತು ದಿನ ರಾಸಾಯನಿಕ ದಾಳಿಯಿಂದ ಜೀವ ಉಳಿಸಿಕೊಳ್ಳುವ ಪಾಠ. ಒಬ್ಬ ತಗಡಿನ ತಟ್ಟೆ ಬಡಿಯುತ್ತಾನೆ, ಎಲ್ಲರೂ "ಗ್ಯಾಸ್, ಗ್ಯಾಸ್, ಗ್ಯಾಸ್" ಎಂದು ಕೂಗುತ್ತಾರೆ, ಉಸಿರು ಹಿಡಿದು ಕಣ್ಣು ಮುಚ್ಚಿ ಒಂಬತ್ತು ಎಣಿಸುವುದರೊಳಗೆ ಮುಖಕ್ಕೆ ಮಾಸ್ಕು ಹಾಕಿಕೊಳ್ಳಬೇಕು. ಕೊನೆಯ ಪರೀಕ್ಷೆ ಮೈದಾನದ ಹಿಂದಿನ ಒಂಟಿ ಕೋಣೆಯಲ್ಲಿ. ಒಂದೇ ಬಾಗಿಲು, ಹಲಗೆ ಬಡಿದ ಒಂದು ಕಿಟಕಿ. ಒಳಗೆ ಅಶ್ರುವಾಯುವಿನ ಗುಳಿಗೆ ಸುಡುತ್ತಾರೆ. ಹುಡುಗರು ಮಾಸ್ಕು ಹಾಕಿಕೊಂಡು ಹೋಗಿ, ಬೈಠಕ್ ಹೊಡೆದು, ತಲೆ ಕುಣಿಸಿ, ಮಾಸ್ಕು ಸರಿಯಾಗಿದೆ ಎಂದು ನಂಬಿಕೆ ತಂದುಕೊಳ್ಳಬೇಕು. ಕಡೆಗೆ ಮಾಸ್ಕು ತೆಗೆದು ನಂಬರು, ಹೆಸರು, ಊರು ಹೇಳಿ ಹೊರಗೆ ಬರಬೇಕು. ಸಾಯುವ ಗ್ಯಾಸಲ್ಲ ಅದು. ಆದರೆ ಮೂಗು, ಕಣ್ಣು, ಗಂಟಲಿನೊಳಗೆ ಹಸಿ ಖಾರ ಅರೆದಂತೆ ಆಗುತ್ತದೆ.

ಆ ಹತ್ತು ದಿನ ಗೂಳಪ್ಪ ತನ್ನ ಕ್ಷೌರದ ಕೋಣೆಯ ಕಿಟಕಿ ತೆಗೆಯುತ್ತಿರಲಿಲ್ಲ, ಬಾಗಿಲು ಹಾಕುತ್ತಿರಲಿಲ್ಲ. ಗ್ಯಾಸಿನ ಮನೆಗೆ ಹೋಗುವ ದಾರಿಯಲ್ಲಿ ಒಂದು ಬೇವಿನ ಮರವಿತ್ತು. ಹತ್ತು ವರ್ಷದಲ್ಲಿ ಅವನು ಆ ಮರ ದಾಟಿರಲಿಲ್ಲ.

ಆದರೂ ಆ ಪರೀಕ್ಷೆಯಲ್ಲಿ ಅವನ ಪಾಲೂ ಇತ್ತು. ಮಾಸ್ಕಿನ ರಬ್ಬರು ಚರ್ಮಕ್ಕೆ ಅಂಟಿ ಕೂರಬೇಕಾದರೆ ದವಡೆಯ ಕೆಳಗೆ ಒಂದು ಕೂದಲೂ ಇರಬಾರದು. ಪಾಠ ಹೇಳುವ ಸುಬೇದಾರ ಜಗದಾಳೆ ಸಾತಾರೆಯ ಕಡೆಯ ಮರಾಠ. ಪ್ರತಿ ಸಲ ತಾನೇ ಬಂದು ಎಚ್ಚರಿಸಿ ಹೋಗುತ್ತಿದ್ದ. ಅವನ ಮಾತು ಮರಾಠಿ, ಗೂಳಪ್ಪ ನನಗೆ ಹೇಳಿದ್ದು ತನ್ನ ಕನ್ನಡದಲ್ಲಿ: "ಗೂಳಪ್ಪಾ, ಮೀಸಿ ಇದ್ರ ಇರ್ಲಿ, ಅದು ಮಾಸ್ಕಿನ ಒಳಗ ಕೂಡ್ತದ. ದವಡಿ ಮಾತ್ರ ಬಾಳಿ ಎಲಿ ಆಗಬೇಕು. ಅಲ್ಲಿ ಕೂದಲಾ ಬಿಟ್ಟಿ ಅಂದ್ರ ಗ್ಯಾಸಿಗೆ ನೀನಾ ಬಾಗಲಾ ತೆಗದಂಗ."

೨೦೦೧ರ ಡಿಸೆಂಬರಿನಲ್ಲಿ ಗಡಿಗೆ ಸೈನ್ಯ ಹೋಗತೊಡಗಿತು. ಪುಣೆಯ ರೈಲು ನಿಲ್ದಾಣದಲ್ಲಿ ತೋಪಿನ ಗಾಡಿಗಳು ನಿಂತದ್ದನ್ನು ನಾವೆಲ್ಲ ನೋಡಿದೆವು. ಆ ಗಡಿಬಿಡಿಯಲ್ಲಿ ಕೇಂದ್ರಕ್ಕೊಂದು ಆದೇಶ ಬಂತು: ಒಳಗೆ ಕೆಲಸ ಮಾಡುವ ಅಗಸರು, ಅಡಿಗೆಯವರು, ಕ್ಷೌರಿಕರು ಎಲ್ಲರೂ ಮಾಸ್ಕಿನ ಪಾಠ ಕಲಿತು ಒಮ್ಮೆ ಗ್ಯಾಸಿನ ಮನೆ ಹೊಕ್ಕು ಬರಬೇಕು. ಮೊದಲನೆಯ ಸಲ ಗೂಳಪ್ಪನಿಗೆ ಜ್ವರ ಬಂತು. ಎರಡನೆಯ ಸಲ ಸೊಲ್ಲಾಪುರದಲ್ಲಿ ಇಲ್ಲದ ಚಿಕ್ಕಮ್ಮನೊಬ್ಬಳು ತೀರಿಕೊಂಡಳು.

ಆಗ ತರಬೇತಿಯಲ್ಲಿದ್ದ ರಂಗರೂಟರ ತಂಡದಲ್ಲಿ ಬಸವಪ್ರಭು ಎಂಬ ಹುಡುಗನಿದ್ದ. ಅಥಣಿಯ ಕಡೆಯವನು, ಹತ್ತೊಂಬತ್ತು ವರ್ಷ. ಮೊದಲ ದಿನ ತಲೆಗೆ ಮಶೀನು ತಾಗಿದಾಗ ಸಣ್ಣಗೆ "ಯವ್ವಾ" ಎಂದಿದ್ದ. ಗೂಳಪ್ಪ ಮಶೀನು ನಿಲ್ಲಿಸಿ, "ಯಾವ ಊರಪಾ ತಮ್ಮಾ?" ಎಂದು ಕೇಳಿದ್ದ. ಕನ್ನಡ ಕೇಳಿದ್ದೇ ಹುಡುಗ ಕನ್ನಡಿಯೊಳಗೇ ಅವನ ಮುಖ ಹುಡುಕಿ ನೋಡಿದ. ಅಂದಿನಿಂದ ಮಾಮಾ ಅನ್ನತೊಡಗಿದ. ಬಿಡುವಿದ್ದಾಗ ಬಂದು ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಿ ಹೋಗುತ್ತಿದ್ದ.

ಪರೀಕ್ಷೆ ಗುರುವಾರ. ಬೆಳಿಗ್ಗೆ ಆರಕ್ಕೆ ಹುಡುಗರು ಸಾಲಾಗಿ ಬಂದರು. ಬಸವಪ್ರಭುವಿನ ಸರದಿ ಬಂದಾಗ ಗೂಳಪ್ಪ ನೋಡಿದ: ಎಡ ದವಡೆಯ ಕೆಳಗೆಲ್ಲ ಕುರುಗಳು ಎದ್ದು ಕೀವು ತುಂಬಿವೆ. ನಾಲ್ಕು ದಿನದ ಕೂದಲು ಅವುಗಳ ನಡುವೆ ನಿಂತಿದೆ. ಕತ್ತಿ ಒಮ್ಮೆ ಎಳೆದದ್ದೇ ಒಂದು ಒಡೆಯಿತು. ಹುಡುಗ ಕುರ್ಚಿಯ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು.

"ಮಾಮಾ, ಸಾಕ್ರಿ. ಅಲ್ಲಿ ಬ್ಯಾಡ್ರಿ."

"ಜಗದಾಳೆ ಸಾಹೇಬ ನೋಡಿದ್ರ?"

"ಕೆಳಗ ಯಾರ್ ನೋಡ್ತಾರ್ರಿ?"

ಹಿಂದೆ ಇನ್ನೂ ಮೂವತ್ತು ಜನ ನಿಂತಿದ್ದರು. ಗೂಳಪ್ಪ ಎರಡು ಬೆರಳಗಲದ ಜಾಗ ಬಿಟ್ಟ. ಪಟಿಕದ ತುಂಡು ಒರೆಸಿ, "ಹೋಗು," ಎಂದ.

ಹತ್ತೂವರೆಗೆ ಮೈದಾನದ ಕಡೆಯಿಂದ ಕೂಗು ಕೇಳಿಸಿತು. ಗ್ಯಾಸಿನ ಮನೆಯಿಂದ ಕೂಗು ಬರುವುದು ಹೊಸದಲ್ಲ. ಕೆಮ್ಮು, ಉಗುಳು, ಬೈಗುಳ, ಆಮೇಲೆ ನಗೆ. ಈ ಕೂಗಿನಲ್ಲಿ ನಗೆ ಇರಲಿಲ್ಲ. ಗೂಳಪ್ಪ ಬ್ರಶ್ ಹಿಡಿದುಕೊಂಡೇ ಬಾಗಿಲಿಗೆ ಬಂದ. ಬೇವಿನ ಮರದಾಚೆ ಒಬ್ಬ ಹುಡುಗ ಮಂಡಿ ಮೊಣಕೈ ಊರಿ ತೆವಳುತ್ತಿದ್ದ. ಮಾಸ್ಕು ಒಂದು ಕಿವಿಗೆ ನೇತಾಡುತ್ತಿತ್ತು. ಹಣೆಯಿಂದ ರಕ್ತ ಇಳಿದು ಕಣ್ಣು ಮುಚ್ಚಿತ್ತು. ಅವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮಾತು ಬರುತ್ತಿರಲಿಲ್ಲ.

ಆಗಿದ್ದು ಇಷ್ಟು. ಒಳಗೆ ಹೋದ ಅರ್ಧ ನಿಮಿಷಕ್ಕೆ ಬಸವಪ್ರಭುವಿನ ಮಾಸ್ಕಿನೊಳಗೆ ಗ್ಯಾಸು ನುಗ್ಗಿತು. ಅವನು ಮಾಸ್ಕು ಕಿತ್ತ. ಕುರುಡನಂತಾಗಿ ಪಕ್ಕದವನನ್ನು ಹಿಡಿದು ಅವನದನ್ನೂ ಕಿತ್ತ. ಬಾಗಿಲೆಂದು ಓಡಿದವನ ಹಣೆಗೆ ಚೌಕಟ್ಟಿನ ಕಬ್ಬಿಣ ಬಡಿಯಿತು. ಸ್ಟ್ರೆಚರಿನಲ್ಲಿ ಹಾಕಿಕೊಂಡು ಹೋದರು. ಏಳು ಹೊಲಿಗೆ ಬಿದ್ದವು ಎಂದು ಸಂಜೆ ಗೊತ್ತಾಯಿತು.

ಶುಕ್ರವಾರ ವಿಚಾರಣೆ ಶುರುವಾಯಿತು. ಮಾಸ್ಕು ಹೇಗೆ ಸೋರಿತು? ಮಾಸ್ಕುಗಳು ಇರುತ್ತಿದ್ದದ್ದು ಮೋಹನದಾಸ್ ಎಂಬ ಸ್ಟೋರ್ ಕೀಪರನ ಸುಪರ್ದಿಯಲ್ಲಿ. ಕುಂದಾಪುರದ ಕಡೆಯ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಇತ್ತು. ಮಧ್ಯಾಹ್ನದ ಬುತ್ತಿ ತಿನ್ನಲು ಗೂಳಪ್ಪನ ಕೋಣೆಗೇ ಬರುತ್ತಿದ್ದ. ಆ ದಿನ ಡಬ್ಬಿಯ ಮುಚ್ಚಳ ತೆಗೆದು ಹಾಗೇ ಕೂತ.

"ಹಳೇ ಮಾಸ್ಕು ಕೊಟ್ಟಿದ್ದೀ ಅಂತಾರೆ ಮಾರಾಯ. ನಾನೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದವ. ಒಂದು ತೂತು ಇರಲಿಲ್ಲ. ಯಾರಿಗೆ ಹೇಳುವುದು? ನನ್ನ ಸಹಿ ಉಂಟಲ್ಲ ಅಲ್ಲಿ."

ಗೂಳಪ್ಪನ ಬಾಯಿಗೆ ಮಾತು ಬಂತು, ನುಂಗಿದ. ತನ್ನ ರೊಟ್ಟಿಯನ್ನು ಹಾಗೇ ಮಡಚಿ ಬುತ್ತಿಗೆ ಕಟ್ಟಿಟ್ಟ. ಶನಿವಾರ ಮೋಹನದಾಸ್ ಬುತ್ತಿಗೆ ಬರಲಿಲ್ಲ. ರವಿವಾರ ಗೂಳಪ್ಪ ನನ್ನ ಮನೆಯ ನೆಲದ ಮೇಲೆ ಕೂತ.

ಜೈಲಿಲ್ಲ ಅಂದೆ. ಪಾಸು ಕಿತ್ತುಕೊಳ್ಳಬಹುದು ಅಂದೆ. ಅವನ ಮುಖ ಇನ್ನೂ ಸಣ್ಣದಾಯಿತು. ಅಷ್ಟರಲ್ಲಿ ಪಾರವ್ವ ಅವನು ಮರೆತು ಬಂದಿದ್ದ ಟವೆಲ್ಲು ಕೊಡಲು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಅರ್ಧ ಗಡ್ಡದ ನನ್ನನ್ನೂ ನೆಲದ ಮೇಲಿನ ಗಂಡನನ್ನೂ ನೋಡಿ, ಅವನು ನನಗೂ ಎಲ್ಲ ಹೇಳಿದ್ದಾನೆಂದು ಅವಳಿಗೆ ಅರ್ಥವಾಯಿತು.

"ಮೂರು ದಿನ ಆತು, ಮಲಗಿಲ್ಲ, ಉಂಡಿಲ್ಲ," ಅಂದಳು. "ಹೋಗಿ ಹೇಳಿ ಬರ್ರಿ. ಪಾಸು ಹೋದ್ರ ಹೋಗ್ಲಿ, ಕತ್ತಿ ಯಾರೂ ಕಸಗೊಳ್ಳಂಗಿಲ್ಲ. ಆ ಮುದುಕನ ಅನ್ನ ಕಳದ್ರ ನಾವು ಉಂಡದ್ದು ಮೈಗೆ ಹತ್ತಂಗಿಲ್ಲ."

"ಅಂಜಿಕಿ ಬರ್ತದ, ಪಾರೂ."

"ಬರ್ಲಿ. ಅಂಜಿಕೋತಾನಾ ಹೋಗ್ರಿ."

ಸೋಮವಾರ ಅವನು ಬೇವಿನ ಮರ ದಾಟಿದ. ಜಗದಾಳೆ ಗ್ಯಾಸಿನ ಮನೆಯ ಬಾಗಿಲು ಹಾರು ಹೊಡೆದು, ಒಳಗಿನ ಬೂದಿಯನ್ನು ತಾನೇ ಗುಡಿಸುತ್ತಿದ್ದ. ಖಾಲಿ ಕೋಣೆಯಿಂದಲೂ ಮೂಗು ಚುರುಗುಟ್ಟುವ ವಾಸನೆ ಬರುತ್ತಿತ್ತು. ಗೂಳಪ್ಪ ಹತ್ತು ಹೆಜ್ಜೆ ದೂರ ನಿಂತು ಹೇಳಿದ. ಎಷ್ಟು ಕೂದಲು ಬಿಟ್ಟೆ ಎಂದು ಜಗದಾಳೆ ಕೇಳಿದ. ಗೂಳಪ್ಪ ಎರಡು ಬೆರಳು ತೋರಿಸಿದ.

ಜಗದಾಳೆ ಬೈಯುತ್ತಾನೆ, ಹೊಡೆದರೂ ಹೊಡೆದ, ಎಂದು ಗೂಳಪ್ಪ ಕಣ್ಣು ಮುಚ್ಚಿದ. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಜಗದಾಳೆ ಮೆಟ್ಟಿಲ ಮೇಲೆ ಕೂತಿದ್ದ, ಕಸಬರಿಗೆ ಮಡಿಲಲ್ಲಿ.

"ಕೂದಲಾ ಬಿಟ್ಟಾಂವ ನೀ," ಅಂದ. "ಬಾಗಲ್ದಾಗ ನಿಂತು ಒಬ್ಬೊಬ್ಬನ ಮಾಸ್ಕಿನ ಗಾಳಿ ಸೋಸೋ ಡಬ್ಬಿಗೆ ಅಂಗೈ ಮುಚ್ಚಿ, ಗಾಳಿ ಸೋರ್ತದೇನು ಅಂತ ನೋಡಬೇಕಾದಾಂವ ನಾ. ಅವತ್ತ ದೊಡ್ಡ ಸಾಹೇಬ್ರು ನೋಡಾಕ ಬಂದಿದ್ರು. ಅವಸರದಾಗ ಅರ್ಧ ಮಂದೀದು ನೋಡಿದೆ, ಅರ್ಧ ಮಂದೀದು ಬಿಟ್ಟೆ. ನಾಕು ದಿನ ಆತು, ನಾನೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಆಮೇಲೆ ಜಗದಾಳೆ ಎದ್ದು ಟೊಪ್ಪಿಗೆ ಸರಿ ಮಾಡಿಕೊಂಡು, ಬಾ ಎಂದ.

ವಿಚಾರಣೆಯ ಕ್ಯಾಪ್ಟನ್ ಚಿಕ್ಕ ವಯಸ್ಸಿನವನು. ಜಗದಾಳೆಯ ಮಾತು ಪೂರ್ತಿ ಕೇಳಿ ಬರೆದುಕೊಂಡ. ಗೂಳಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ: ಗೊತ್ತಿದ್ದೂ ಯಾಕೆ ಬಿಟ್ಟೆ? "ಅಳಾಕತ್ತಿದ್ದ ಸಾಬ್," ಎಂದು ಗೂಳಪ್ಪ ಕನ್ನಡ ಹಿಂದಿ ಕಲಸಿ ಹೇಳಿದ. ಮೋಹನದಾಸನ ಮೇಲಿನ ಮಾತು ಅಲ್ಲಿಗೇ ಬಿದ್ದುಹೋಯಿತು. ಜಗದಾಳೆಯ ದಾಖಲೆಯಲ್ಲಿ ಕೆಂಪು ಶಾಯಿಯ ಒಂದು ಸಾಲು ಕೂತಿತು. ಅದರಿಂದ ಅವನ ಬಡ್ತಿ ಒಂದು ವರ್ಷ ತಡವಾಯಿತು. ಗೂಳಪ್ಪನ ಪಾಸು ಉಳಿಯಿತು. ಆದರೆ ಕ್ಯಾಪ್ಟನ್ ಎದುರಿನ ಕಾಗದದಲ್ಲಿ ಬೆರಳಾಡಿಸಿ, ಈ ಮನುಷ್ಯ ಎರಡು ಸಲ ಪಾಠ ತಪ್ಪಿಸಿದ್ದಾನಲ್ಲ ಎಂದ. ಈ ವಾರ ಬಿಟ್ಟು ಮುಂದಿನ ವಾರದ ಗುರುವಾರ, ಪರೀಕ್ಷೆ ಮುಗಿಸದವರೆಲ್ಲ ಗ್ಯಾಸಿನ ಮನೆ ಹೊಗಬೇಕು. ಗೂಳಪ್ಪ ಕೂಡ. ಬಸವಪ್ರಭು ಕೂಡ, ಅವನು ಹೋಗದಿದ್ದರೆ ಊರಿಗೆ ಕಳಿಸುವುದು.

"ಪಾಸು ಕಿತ್ಕೊಂಡಿದ್ರ ಚಲೋ ಇತ್ತು," ಎಂದು ಗೂಳಪ್ಪ ಅಂದು ಸಂಜೆ ಪಾರವ್ವನಿಗೆ ಹೇಳಿದನಂತೆ.

ಆಸ್ಪತ್ರೆಗೆ ಹೋದ. ಬಸವಪ್ರಭು ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದ. ಮಾಮಾ ಬಂದದ್ದು ತಿಳಿದೂ ತಿರುಗಲಿಲ್ಲ.

"ತಪ್ಪು ನಂದಪಾ. ಕೂದಲಾ ಬಿಟ್ಟೆ ನಾ."

"ಬಿಡು ಅಂದಾಂವ ನಾನಾ ಅಲ್ಲೇನ್ರಿ?" ಆಮೇಲೆ ಗೋಡೆಗೇ ಹೇಳಿದ: "ನಾ ಮತ್ತ ಒಳಗ ಹೋಗಂಗಿಲ್ಲ ಮಾಮಾ. ಉಸರು ತಗೊಂಡ್ರ ಉಸರು ಬರವಲ್ದು. ಸತ್ತೆ ಅನ್ಕೊಂಡೆ. ಊರಿಗೆ ಹೋಗ್ತೀನಿ. ಅಪ್ಪ ಬೈದ್ರ ಬೈಲಿ."

ಗೂಳಪ್ಪ ಸ್ಟೂಲಿನ ಮೇಲೆ ಕೂತು ಹಗೇವಿನ ಕಥೆ ಹೇಳಿದ. ಧೈರ್ಯ ಹೇಳಬೇಕೆಂದು ಹೇಳಿದ್ದಲ್ಲ. ಆ ಹುಡುಗನ ಬಾಯಿ ತೆರೆದು ಮುಚ್ಚಿದ್ದನ್ನು ನೋಡಿದ ಮೇಲೆ ಅದು ಹೇಳದೆ ಇರಲು ಆಗಲಿಲ್ಲ. ಬಸವಪ್ರಭು ನಿಧಾನಕ್ಕೆ ಈ ಕಡೆ ಹೊರಳಿದ.

"ನನ್ನ ಅಣ್ಣ ಬರ್ಲಿಲ್ಲ. ನೀ ತೆವಳಿಕೋತರ ಬಂದಿ," ಅಂದ ಗೂಳಪ್ಪ. "ಈಗ ನಾನೂ ಒಳಗ ಹೋಗಬೇಕಂತ. ಹುಕುಂ ಆಗೇದ."

"ನೀವಾ?" ಹುಡುಗ ಅವನನ್ನೇ ನೋಡಿದ. "ನಿಮಗ ಅಂಜಿಕಿ ಆಗಂಗಿಲ್ಲೇನ್ರಿ?"

"ಈಗ ನಿನ್ನ ಮುಂದ ಕುಂತೇನಿ, ಕಾಲು ನಡಗಾಕತ್ತಾವ ನೋಡು."

ಹುಡುಗ ಬಗ್ಗಿ ನೋಡಿದ. ನಿಜವಾಗಿಯೂ ನಡುಗುತ್ತಿದ್ದವು.

ಆ ಹತ್ತು ದಿನ ಪಾರವ್ವ ಗಂಡನ ಜೊತೆ ಹೇಗೆ ಕಳೆದಳೋ. ಸಂಜೆ ಬಂದವನೇ ಅಂಗಳದಲ್ಲಿ ಕೂತು ಉಸಿರು ಹಿಡಿದು ಬೆರಳು ಎಣಿಸುತ್ತಿದ್ದ. ಒಂಬತ್ತಕ್ಕೆ ಬರುವುದರೊಳಗೆ ಬಾಯಿ ಬಿಡುತ್ತಿದ್ದ. ಮತ್ತೆ ಶುರು. ಓಣಿಯ ಹುಡುಗರು ಸುತ್ತ ನಿಂತು ಗಟ್ಟಿಯಾಗಿ ಎಣಿಸತೊಡಗಿದರು. ಪಾರವ್ವ ಅವರನ್ನು ಓಡಿಸಿದಳು. ಬುಧವಾರ ನಾನು ಕಚೇರಿಯಿಂದ ಬರುವಾಗ ಅವನು ನನ್ನನ್ನು ತಡೆದು, ತನಗೇನಾದರೂ ಆದರೆ ಪಾರವ್ವನ ಕಾಗದಪತ್ರ ಮಾಡಿಕೊಡಬೇಕೆಂದು ಕೇಳಿಕೊಂಡ. ಅದು ಕಣ್ಣೀರು ಬರಿಸುವ ಗ್ಯಾಸು ಮಾತ್ರ, ಯಾರೂ ಸಾಯುವುದಿಲ್ಲ ಅಂದೆ. "ಹಗೇವ್ಯಾಗ ಜ್ವಾಳ ಮಾತ್ರ ಇತ್ತು ಸಾಹೇಬ್ರ," ಅಂದ.

ಗುರುವಾರ ಬೆಳಿಗ್ಗೆ ಅವನು ಬಸವಪ್ರಭುವಿನ ಗಡ್ಡಕ್ಕೆ ಕಾಲು ತಾಸು ತೆಗೆದುಕೊಂಡ. ಕುರುಗಳು ಬತ್ತಿದ್ದವು. ಬೆರಳಿನ ಹಿಂಬದಿಯಿಂದ ದವಡೆ ಸವರಿ ನೋಡಿದ, ಮತ್ತೆ ಸಾಬೂನು ಹಚ್ಚಿದ, ಮತ್ತೆ ಎಳೆದ. ಆಮೇಲೆ ಕನ್ನಡಿಯ ಮುಂದೆ ತನ್ನದು.

ಗ್ಯಾಸಿನ ಮನೆಯ ಮುಂದೆ ಆರು ಜನ. ಮೋಹನದಾಸನೇ ಮಾಸ್ಕು ತಂದುಕೊಟ್ಟ. ಕೈಗೆ ಕೊಡುವಾಗ, "ಪಟ್ಟಿ ಸರಿ ಎಳೆದುಕೋ ಮಾರಾಯ," ಎಂದಷ್ಟೇ ಅಂದ. ಮುಖಕ್ಕೆ ರಬ್ಬರು ಅಂಟಿತು. ಹಳೆಯ ಸೈಕಲ್ ಟ್ಯೂಬಿನ ವಾಸನೆ. ಗಾಜಿನಾಚೆ ಲೋಕ ಎರಡು ದುಂಡು ತುಂಡಾಯಿತು. ತನ್ನ ಉಸಿರೇ ಭತ್ತ ಕೇರಿದಂತೆ ಕಿವಿಯಲ್ಲಿ ಸದ್ದು ಮಾಡುತ್ತಿತ್ತು. ಜಗದಾಳೆ ಬಂದು ಡಬ್ಬಿಯ ಬಾಯಿಗೆ ಅಂಗೈ ಒತ್ತಿದ. ಗೂಳಪ್ಪ ಉಸಿರೆಳೆದ, ಬರಲಿಲ್ಲ. ರಬ್ಬರು ಕೆನ್ನೆಗೆ ಹೀರಿಕೊಂಡಿತು. ಅವನು ಎರಡೂ ಕೈಯಿಂದ ಜಗದಾಳೆಯ ಮುಂಗೈ ಹಿಡಿದುಕೊಂಡ.

"ಗಾಳಿ ಬರ್ಲಿಲ್ಲಲ್ಲ? ಹಂಗಾದ್ರ ಸರಿ ಕೂತದ," ಅಂದ ಜಗದಾಳೆ. ಆ ದಿನ ಅವನು ಆರೂ ಜನರನ್ನು ಎರಡೆರಡು ಸಲ ಪರೀಕ್ಷಿಸಿದ.

ಬಾಗಿಲು ಮುಚ್ಚಿತು. ಗೂಳಪ್ಪ ಬಸವಪ್ರಭುವಿನ ಬೆಲ್ಟು ಹಿಡಿದಿದ್ದ. ಯಾವಾಗ ಹಿಡಿದೆ ಎಂದು ಅವನಿಗೆ ನೆನಪಿಲ್ಲ. ತಗಡಿನ ಮೇಲಿನ ಗುಳಿಗೆಯಿಂದ ಬಿಳಿ ಹೊಗೆ ಎದ್ದು ಮೊಣಕಾಲಿಗೆ, ಸೊಂಟಕ್ಕೆ, ಗಾಜಿಗೆ ಬಂತು. ಕುತ್ತಿಗೆಯ ಬೆವರಿನ ಮೇಲೆ ಇರುವೆ ಹರಿದಂತೆ ಉರಿಯತೊಡಗಿತು. ತಲೆ ಕುಣಿಸಿರಿ ಎಂದು ಜಗದಾಳೆ ಮಾಸ್ಕಿನೊಳಗಿಂದ ಕೂಗಿದ. ಕುಣಿಸಿದರು. ಬೈಠಕ್ ಎಂದ. ಹುಡುಗ ಕೂತ, ಬೆಲ್ಟು ಹಿಡಿದವನೂ ಕೂತ. ಉಸಿರು ಬರುತ್ತಿತ್ತು. ಇದು ಹೇಗೆ ಬರುತ್ತಿದೆ ಎಂದು ಗೂಳಪ್ಪನಿಗೆ ಅರ್ಥವಾಗಲಿಲ್ಲ. ಮುಂದಿನದು ಬರುವುದಿಲ್ಲ ಎಂದುಕೊಳ್ಳುತ್ತಿದ್ದ, ಬರುತ್ತಿತ್ತು. ಮತ್ತೆ ಅದೇ.

ಆಮೇಲೆ ಮಾಸ್ಕು ತೆಗೆಯುವ ಸರದಿ. ಬಸವಪ್ರಭು ತೆಗೆದ. ಮುಖ ಹಿಂಡಿದ ಬಟ್ಟೆಯಾಯಿತು. ನಂಬರು ಹೇಳಿದ, ಕೆಮ್ಮಿದ, ಹೆಸರು ಹೇಳಿದ, ಕೆಮ್ಮಿದ, ಊರು ಹೇಳಿದ. ಬಾಗಿಲು ತೆರೆಯಿತು. ಓಡಲಿಲ್ಲ, ಕಲಿಸಿದಂತೆ ನಡೆದೇ ಹೋದ.

ಬಾಗಿಲು ಮತ್ತೆ ಮುಚ್ಚಿತು. ಗೂಳಪ್ಪನ ಕೈಯಲ್ಲಿ ಈಗ ಬೆಲ್ಟು ಇರಲಿಲ್ಲ. ಮಾಸ್ಕು ಎತ್ತಿದ. ಕಣ್ಣಿಗೆ ಬೆಂಕಿ ಬಿತ್ತು. ಮೂಗಿನಿಂದ ಎದೆಯ ತಳದವರೆಗೆ ಯಾರೋ ಕಾದ ಸರಳು ಇಳಿಸಿದಂತಾಯಿತು. "ಹೆಸರು?" ಎಂದ ಜಗದಾಳೆ. ಹೆಸರು ಸಿಗಲಿಲ್ಲ. "ಊರು?" ಊರೂ ಸಿಗಲಿಲ್ಲ. ಗೂಳಪ್ಪ ಎದೆಯಲ್ಲಿ ಉಳಿದದ್ದನ್ನೆಲ್ಲ ಸೇರಿಸಿ ಕೂಗಿದ್ದು ಒಂದೇ ಮಾತು:

"ಬಾಗಲಾ ತೆಗೀರಿ!"

ಜಗದಾಳೆಗೆ ಕನ್ನಡ ಬಾರದು. ಏನೋ ಒಂದು ಪೂರ್ತಿ ಮಾತು ಹೇಳಿದನಲ್ಲ ಎಂದು ಬಾಗಿಲು ತೆಗೆದ.

ಹೊರಗೆ ಗಾಳಿಗೆ ಮುಖ ಕೊಟ್ಟು, ಕೈ ಅಗಲಿಸಿ, ಕಣ್ಣು ಉಜ್ಜದೆ ನಿಲ್ಲಬೇಕು. ಗೂಳಪ್ಪನಿಗೆ ನಿಲ್ಲಲಾಗಲಿಲ್ಲ. ಮೂಗು, ಬಾಯಿ, ಕಣ್ಣು ಎಲ್ಲದರಿಂದ ನೀರು ಹರಿಯಿತು, ವಾಂತಿಯಾಯಿತು. ಬಸವಪ್ರಭು ಪಕ್ಕದಲ್ಲಿ ನಿಂತು ಅಳುತ್ತ ನಗುತ್ತಿದ್ದ. "ಮಾಮಾ, ಆತ್ರಿ, ಮುಗೀತ್ರಿ," ಅನ್ನುತ್ತಿದ್ದ. ಗೂಳಪ್ಪ ನಗಲಿಲ್ಲ. ಒಂದು ತಾಸು ನೆಲದ ಮೇಲೆ ಕೂತು ಉಸಿರಾಡಿದ, ಅಷ್ಟೇ.

ಆ ರವಿವಾರ ನನ್ನ ಗಡ್ಡ ಮಾಡಲು ಬಂದಾಗ, ಇನ್ನು ಧೈರ್ಯ ಬಂತಲ್ಲ ಅಂದೆ.

"ಇಲ್ರಿ," ಅಂದ. "ಮೊದ್ಲ ಒಳಗ ಏನದ ಗೊತ್ತಿರ್ಲಿಲ್ಲ, ಅಂಜತಿದ್ದೆ. ಈಗ ಗೊತ್ತದ, ಇನ್ನೂ ಭಾಳ ಅಂಜಿಕಿ ಆಗ್ತದ."

ಅವನು ಸುಳ್ಳು ಹೇಳಲಿಲ್ಲ. ಆ ಅಂಜಿಕೆಯಿಂದಲೇ ಅವನು ಮುಂದೆ ಯಾರೂ ಹೇಳದ ಒಂದು ಕೆಲಸ ಹಚ್ಚಿಕೊಂಡ. ಪರೀಕ್ಷೆಗೆ ಎರಡು ದಿನ ಮೊದಲೇ ಹುಡುಗರನ್ನೆಲ್ಲ ಕರೆಸಿ ದವಡೆ ಮುಟ್ಟಿ ನೋಡುತ್ತಿದ್ದ. ಕುರು, ಗಾಯ, ಸರ್ಪಸುತ್ತು, ಏನೇ ಇರಲಿ, ಚೀಟಿಯಲ್ಲಿ ಹೆಸರು ಬರೆಸಿ ಜಗದಾಳೆಗೆ ಕಳಿಸುತ್ತಿದ್ದ: ಇವನು ಈ ಸಲ ಒಳಗೆ ಹೋಗಬಾರದು. ಕ್ಷೌರಿಕನ ಚೀಟಿಗೆ ಮೊದಲು ಕೆಲವರು ನಕ್ಕರು. ಜಗದಾಳೆ ನಗಲಿಲ್ಲ. ಅವನು ವರ್ಗವಾಗಿ ಹೋದ ಮೇಲೆ ಬಂದ ಸುಬೇದಾರನೂ ಚೀಟಿ ಬಾರದೆ ಬಾಗಿಲು ತೆಗೆಯುತ್ತಿರಲಿಲ್ಲ. ಗೂಳಪ್ಪ ಅಲ್ಲಿ ಇದ್ದ ಮುಂದಿನ ಆರು ವರ್ಷದಲ್ಲಿ ಯಾವ ಹುಡುಗನೂ ಆ ಕೋಣೆಯಿಂದ ತೆವಳಿಕೊಂಡು ಬರಲಿಲ್ಲ.

ಬಸವಪ್ರಭು ಆ ಬೇಸಿಗೆಯಲ್ಲಿ ತರಬೇತಿ ಮುಗಿಸಿ ಉತ್ತರಕ್ಕೆ ಹೋದ. ಹಣೆಯ ಮೇಲೆ ಗೆರೆಯೊಂದು ಉಳಿದಿತ್ತು. ಎರಡು ಸಲ ಪತ್ರ ಬರೆದ, ಓದಿ ಹೇಳಿದವನು ನಾನೇ. ಆಮೇಲೆ ಬರೆಯಲಿಲ್ಲ. ಮೋಹನದಾಸ್ ನಿವೃತ್ತಿಯ ಹೋಳಿಗೆ ಊಟಕ್ಕೆ ಗೂಳಪ್ಪನನ್ನೂ ಪಾರವ್ವನನ್ನೂ ಕರೆದ.

ಪರೀಕ್ಷೆಯ ಗುರುವಾರ ಬಂತೆಂದರೆ ಪಾರವ್ವ ಬುತ್ತಿ ಕಟ್ಟುತ್ತಿರಲಿಲ್ಲ. ಕಟ್ಟಿದರೂ ಹಾಗೇ ಹಿಂದೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸಂಜೆ ಸೈಕಲ್ಲಿನ ಸದ್ದು ಕೇಳಿದ ಮೇಲೆಯೇ ಹಂಚು ಇಡುತ್ತಿದ್ದಳು. ಅವನು ಕೈಕಾಲು ತೊಳೆದು ಒಲೆಯ ಪಕ್ಕ ಕೂತು, ಯಾರಿಗೂ ಏನೂ ಆಗಲಿಲ್ಲ ಎಂದು ಹೇಳಿ, ಬಿಸಿ ಬಿಸಿ ಜೋಳದ ರೊಟ್ಟಿ ಐದಾರು ತಿನ್ನುತ್ತಿದ್ದ.